ಹಕ್ಕೋ ಹಂಗೋ: ಅಮೆರಿಕದ ಗರ್ಭಿಣಿಯರು ಮತ್ತು ಮೆಡಿಕೇಡ್

ಅಮೆರಿಕದಲ್ಲಿ ಆಗುವ ಪ್ರತಿ 10 ಹೆರಿಗೆಗಳಲ್ಲಿ ಸುಮಾರು 4ರ ಖರ್ಚನ್ನು ಮೆಡಿಕೇಡ್ ಭರಿಸುತ್ತದೆ. ಲೂಸಿಯಾನ, ಮಿಸ್ಸಿಸ್ಸಿಪ್ಪಿಯಂಥ ದಕ್ಷಿಣದ ರಾಜ್ಯಗಳಲ್ಲಿ ಈ ಪಾಲು ಅರ್ಧವನ್ನೂ ದಾಟುತ್ತದೆ. ಕಡಿಮೆ ಆದಾಯದವರಿಗಾಗಿ ಒಕ್ಕೂಟ ಸರ್ಕಾರ ಮತ್ತು ರಾಜ್ಯಗಳು ಸೇರಿ ಹಣ ಹಾಕಿ ನಡೆಸುವ ಆರೋಗ್ಯ ವಿಮೆ ಇದು. ತಿಂಗಳ ತಪಾಸಣೆ, ರಕ್ತಪರೀಕ್ಷೆ, ಸ್ಕ್ಯಾನಿಂಗ್, ಹೆರಿಗೆ, ಸಿಸೇರಿಯನ್ ಎಲ್ಲವೂ ಇದರಡಿ ಬರುತ್ತವೆ. ಗರ್ಭಕ್ಕೆ ಸಂಬಂಧಿಸಿದ ಸೇವೆಗಳಿಗೆ ಗರ್ಭಿಣಿ ಕೈಯಿಂದ ಏನನ್ನೂ ಕೊಡಬೇಕಿಲ್ಲ.

ಇಷ್ಟು ಜನ ಬಳಸುವ ಸೌಲಭ್ಯ ರಸ್ತೆ, ಶಾಲೆಗಳಂತೆ ಮಾಮೂಲಾಗಿಬಿಡಬೇಕಿತ್ತು. ಹಾಗಾಗಿಲ್ಲ. ಮೆಡಿಕೇಡ್ ಒಳ್ಳೆಯದೇ ಎಂದು ಸಮೀಕ್ಷೆಗಳಲ್ಲಿ ಹೇಳುವ ಬಹುಸಂಖ್ಯಾತರೇ ಅದನ್ನು ಬಳಸುವ ಗರ್ಭಿಣಿಯ ಬಗ್ಗೆ ಬೇರೆ ಧಾಟಿಯಲ್ಲಿ ಮಾತಾಡುವುದುಂಟು: ಸಾಕಲು ಆಗದಿದ್ದ ಮೇಲೆ ಹೆರುವುದೇಕೆ, ಗಂಡ ಎಲ್ಲಿ, ಕೈಯಲ್ಲಿ ದುಬಾರಿ ಫೋನ್ ಹೇಗೆ ಬಂತು? ಅತ್ತ ಅದನ್ನು ಪಡೆಯುವ ಹೆಂಗಸಿನ ಮನಸ್ಸಿನಲ್ಲೂ ಹಂಗಿನ ಅಳುಕು ಇರುತ್ತದೆ. ಈ ಇಬ್ಬಂದಿ ಎಲ್ಲಿಂದ ಬಂತು, ವಿದ್ವಾಂಸರು ಅದನ್ನು ಹೇಗೆ ವಿವರಿಸಿದ್ದಾರೆ, ಯಾವ ಪ್ರಶ್ನೆಗಳು ಇನ್ನೂ ಬಗೆಹರಿದಿಲ್ಲ ಎಂಬುದು ಈ ಸಮೀಕ್ಷೆಯ ವಿಷಯ.

ಯೋಧನ ಹೆಂಡತಿ, ಬಡವನ ಹೆಂಡತಿ

ಗರ್ಭಿಣಿಯರ ಆರೈಕೆಗೆ ಅಮೆರಿಕದ ಒಕ್ಕೂಟ ಸರ್ಕಾರ ಮೊದಲು ಹಣ ಕೊಟ್ಟಿದ್ದು 1921ರ ಶೆಪರ್ಡ್–ಟೌನರ್ ಕಾಯ್ದೆಯ ಮೂಲಕ. ಹೆಂಗಸರಿಗೆ ರಾಷ್ಟ್ರಮಟ್ಟದಲ್ಲಿ ಮತದ ಹಕ್ಕು ಸಿಕ್ಕ ಮರುವರ್ಷ ಅದು. ಈ ಹಣದಿಂದ ಊರೂರಲ್ಲಿ ತಾಯಿ-ಮಗುವಿನ ಕೇಂದ್ರಗಳು ತೆರೆದವು, ನರ್ಸ್‌ಗಳು ಮನೆಮನೆಗೆ ಹೋದರು. ಬಡವರಿಗೆ ಮಾತ್ರ ಎಂಬ ಷರತ್ತು ಇರಲಿಲ್ಲ. ವೈದ್ಯರ ಸಂಘ ಇದನ್ನು ಸರ್ಕಾರದ ಅತಿಕ್ರಮಣ ಎಂದು ವಿರೋಧಿಸಿತು. 1929ರಲ್ಲಿ ಅನುದಾನ ನಿಂತಿತು.

ಎರಡನೆಯ ಮಹಾಯುದ್ಧದ ಕಾಲದ ಪ್ರಯೋಗ ಇನ್ನೂ ದೊಡ್ಡದು. 1943ರಲ್ಲಿ ಆರಂಭವಾದ ತುರ್ತು ತಾಯಿ-ಶಿಶು ಆರೈಕೆ ಯೋಜನೆ ಸೈನ್ಯದ ಕೆಳಗಿನ ನಾಲ್ಕು ವೇತನ ಶ್ರೇಣಿಗಳ ಯೋಧರ ಹೆಂಡಿರ ಹೆರಿಗೆಯ ಪೂರ್ತಿ ವೆಚ್ಚವನ್ನು ವಹಿಸಿಕೊಂಡಿತು. ನಿನ್ನ ಹತ್ತಿರ ಎಷ್ಟು ದುಡ್ಡಿದೆ ಎಂದು ಯಾರೂ ಕೇಳಲಿಲ್ಲ. 1949ರಲ್ಲಿ ಮುಗಿಯುವ ಹೊತ್ತಿಗೆ ಸುಮಾರು 12 ಲಕ್ಷ ತಾಯಂದಿರು ಅದರ ನೆರವು ಪಡೆದಿದ್ದರು. ಯುದ್ಧಭೂಮಿಯಲ್ಲಿರುವ ಗಂಡ ತೀರಿಸುತ್ತಿದ್ದ ಋಣಕ್ಕೆ ದೇಶ ಕೊಡುವ ಪ್ರತಿಫಲ ಎಂಬಂತೆ ಅದನ್ನು ಕಂಡದ್ದರಿಂದ ಬಳಸಿದವರಿಗೆ ಕಳಂಕ ಅಂಟಲಿಲ್ಲ.

1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಒಂದೇ ಮಸೂದೆಗೆ ಸಹಿ ಹಾಕಿ ಎರಡು ವ್ಯವಸ್ಥೆಗಳನ್ನು ಹುಟ್ಟುಹಾಕಿದರು. ವೃದ್ಧರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್. ಮೊದಲನೆಯದು ದುಡಿದ ಕಾಲದಲ್ಲಿ ಕಟ್ಟಿದ ತೆರಿಗೆಯ ಫಲವೆಂದು ಹೆಸರಾಯಿತು. ಎರಡನೆಯದನ್ನು ನಗದು ನೆರವಿನ ಯೋಜನೆಗೆ, ಅಂದರೆ ಆಡುಮಾತಿನ ‘ವೆಲ್ಫೇರ್’ಗೆ, ಕಟ್ಟಿಹಾಕಲಾಯಿತು. ಆ ನೆರವು ಮುಖ್ಯವಾಗಿ ಮಕ್ಕಳಿರುವ ಒಂಟಿ ತಾಯಂದಿರಿಗಿದ್ದುದರಿಂದ ವಿಚಿತ್ರ ಸ್ಥಿತಿ ಉಂಟಾಯಿತು: ಮೊದಲ ಬಸುರಿನ ಬಡ ಹೆಂಗಸು ಅನೇಕ ರಾಜ್ಯಗಳಲ್ಲಿ ಮಗು ಹುಟ್ಟಿದ ಮೇಲಷ್ಟೇ ಅರ್ಹಳಾಗುತ್ತಿದ್ದಳು. 1976ರ ಚುನಾವಣಾ ಪ್ರಚಾರದಲ್ಲಿ ರೊನಾಲ್ಡ್ ರೇಗನ್ ಹೇಳುತ್ತಿದ್ದ, ಸರ್ಕಾರಿ ನೆರವಿನಲ್ಲಿ ಮೆರೆಯುವ ಶಿಕಾಗೋ ಹೆಂಗಸಿನ ಕಥೆ ‘ವೆಲ್ಫೇರ್ ರಾಣಿ’ ಎಂಬ ಮಾತನ್ನು ನಾಡಿನ ಬಾಯಲ್ಲಿ ನೆಲೆಗೊಳಿಸಿತು. ಮೆಡಿಕೇಡ್ ಕಾರ್ಡ್ ಹಿಡಿದ ಗರ್ಭಿಣಿಯ ಮೇಲೆ ಇವತ್ತಿಗೂ ಬೀಳುವ ನೋಟದಲ್ಲಿ ಆ ಕಥೆಯ ನೆರಳಿದೆ.

ಮಗುವಿನ ಹೆಸರಲ್ಲಿ ತೆರೆದ ಬಾಗಿಲು

ತಿರುವು ಬಂದದ್ದು 1980ರ ದಶಕದಲ್ಲಿ. ಶಿಶುಮರಣ ಪ್ರಮಾಣದಲ್ಲಿ ಅಮೆರಿಕ ಇತರ ಶ್ರೀಮಂತ ದೇಶಗಳಿಗಿಂತ ಹಿಂದಿದ್ದದ್ದು ದಕ್ಷಿಣದ ರಾಜ್ಯಪಾಲರಿಗೆ ಮುಜುಗರದ ವಿಷಯವಾಗಿತ್ತು. 1985ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಹೊರತಂದ ವರದಿಯೊಂದು ಹುಟ್ಟುತೂಕ ಕಡಿಮೆಯಾಗದಂತೆ ತಡೆಯುವ ಪ್ರಸವಪೂರ್ವ ಆರೈಕೆಗೆ ಹಾಕಿದ 1 ಡಾಲರ್ ಮುಂದೆ 3.38 ಡಾಲರ್ ಉಳಿಸುತ್ತದೆ ಎಂದು ಲೆಕ್ಕ ಕೊಟ್ಟಿತು. ಆ ಅಂಕಿ ಶಾಸನಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬಂತು.

1984ರಿಂದ 1990ರವರೆಗೆ ಹೆಚ್ಚುಕಡಿಮೆ ವರ್ಷಕ್ಕೊಂದರಂತೆ ಕಾನೂನು ಬದಲಾಯಿತು. 1984ರಲ್ಲಿ ಮೊದಲ ಬಸುರಿನವರು ಒಳಬಂದರು. 1986ರಲ್ಲಿ ವೆಲ್ಫೇರ್‌ನ ಗಂಟು ಬಿಡಿಸಿ, ಬಡತನ ರೇಖೆಯವರೆಗಿನ ಗರ್ಭಿಣಿಯರನ್ನು ಸೇರಿಸಿಕೊಳ್ಳುವ ಆಯ್ಕೆಯನ್ನು ರಾಜ್ಯಗಳಿಗೆ ಕೊಡಲಾಯಿತು. 1990ರ ಏಪ್ರಿಲ್‌ನಿಂದ ಬಡತನ ರೇಖೆಯ ಶೇ 133ರವರೆಗೆ ಆದಾಯವಿರುವ ಗರ್ಭಿಣಿಯರನ್ನು ಸೇರಿಸುವುದು ಎಲ್ಲ ರಾಜ್ಯಗಳಿಗೂ ಕಡ್ಡಾಯವಾಯಿತು. ಇದರ ಬೆನ್ನಿಗಿದ್ದ ಮೈತ್ರಿ ಗಮನಾರ್ಹ. ಉದಾರವಾದಿ ಸಂಸದ ಹೆನ್ರಿ ವ್ಯಾಕ್ಸ್‌ಮನ್ ಮುಂದೆ ನಿಂತರೆ, ಗರ್ಭಪಾತದ ಕಟ್ಟಾ ವಿರೋಧಿ ಸಂಸದ ಹೆನ್ರಿ ಹೈಡ್ ಜೊತೆಗೂಡಿದರು. ಮೆಡಿಕೇಡ್ ಹಣ ಗರ್ಭಪಾತಕ್ಕೆ ಹೋಗದಂತೆ 1976ರಲ್ಲಿ ತಡೆ ತಂದವರು ಇದೇ ಹೈಡ್. ಹುಟ್ಟಲಿರುವ ಮಗುವಿನ ಹೆಸರು ಹೇಳಿದಾಗ ಎರಡೂ ಪಕ್ಷಗಳು ಒಂದೇ ಕಡೆ ಕೈಯೆತ್ತಿದವು.

ಬಾಗಿಲು ಹೀಗೆ ತೆರೆದದ್ದಕ್ಕೆ ಒಂದು ಬೆಲೆ ಇತ್ತು. ಕಾನೂನಿನ ಕಣ್ಣಿಗೆ ತಾಯಿ ಬಿದ್ದದ್ದು ಮಗುವನ್ನು ಹೊತ್ತವಳಾಗಿ ಮಾತ್ರ. ಹೆರಿಗೆಯಾಗಿ 60 ದಿನಕ್ಕೆ ಅವಳ ವಿಮೆ ಮುಗಿಯುತ್ತಿತ್ತು. ಮಗುವಿನದು ತಾನಾಗಿಯೇ ಒಂದು ವರ್ಷ ನಡೆಯುತ್ತಿತ್ತು. ಮುಂದಿನ ನಾಲ್ಕು ದಶಕಗಳ ಸಾರ್ವಜನಿಕ ಧೋರಣೆಯಲ್ಲೂ ಇದೇ ಸೀಳು ಕಾಣುತ್ತದೆ. ಮಗುವಿಗೆ ಸಿಕ್ಕಿದ್ದು ಹಕ್ಕು, ತಾಯಿಗೆ ಉಳಿದದ್ದು ಹಂಗು.

ಯೋಗ್ಯರು ಯಾರು ಎಂಬ ವಾದ

ಈ ಧೋರಣೆಯನ್ನು ವಿವರಿಸುವ ಮೊದಲ ಪಂಥ ಯೋಗ್ಯತೆಯ ತೀರ್ಪಿನಿಂದ ಹೊರಡುತ್ತದೆ. ಜನ ನೆರವನ್ನು ಅಳೆಯುವಾಗ ಎಷ್ಟು ಖರ್ಚು ಎಂಬುದಕ್ಕಿಂತ, ಪಡೆಯುವವರು ಅದಕ್ಕೆ ತಕ್ಕವರೇ, ಕಷ್ಟ ಅವರೇ ತಂದುಕೊಂಡದ್ದೇ ಎಂದು ನೋಡುತ್ತಾರೆ. ರಾಜ್ಯಶಾಸ್ತ್ರಜ್ಞ ಮಾರ್ಟಿನ್ ಗಿಲೆನ್ಸ್ 1999ರ ಕೃತಿಯಲ್ಲಿ ಇದಕ್ಕೆ ಜನಾಂಗದ ಆಯಾಮವನ್ನು ಸೇರಿಸಿದರು. ಬಡತನದ ಸುದ್ದಿಗಳಲ್ಲಿ ಮಾಧ್ಯಮಗಳು ಕಪ್ಪು ಮುಖಗಳನ್ನು ವಾಸ್ತವಕ್ಕಿಂತ ಹೆಚ್ಚಾಗಿ ತೋರಿಸಿದ್ದರಿಂದ, ವೆಲ್ಫೇರ್ ವಿರೋಧವು ಕಪ್ಪು ಜನ ಸೋಮಾರಿಗಳೆಂಬ ಪೂರ್ವಗ್ರಹದೊಂದಿಗೆ ಹೆಣೆದುಕೊಂಡಿತು ಎಂಬುದು ಅವರ ವಾದ. ಪದಗಳ ಮಹಿಮೆಯೂ ಇಲ್ಲಿ ಸಣ್ಣದಲ್ಲ. ‘ಬಡವರಿಗೆ ನೆರವು’ ಎಂದು ಕೇಳಿದರೆ ಒಪ್ಪುವ ಜನ ‘ವೆಲ್ಫೇರ್’ ಎಂದೊಡನೆ ಹಿಂಜರಿಯುವುದನ್ನು ದಶಕಗಳ ಸಮೀಕ್ಷೆಗಳು ದಾಖಲಿಸಿವೆ.

ಗರ್ಭಿಣಿ ಈ ತಕ್ಕಡಿಯಲ್ಲಿ ಎರಡೂ ತಟ್ಟೆಗಳ ಮೇಲೆ ಕಾಲಿಟ್ಟವಳು. ಮಗು ನಿರಪರಾಧಿ, ಹಾಗಾಗಿ ನೆರವು ಸರಿ. ಬಸುರು ಅವಳ ಆಯ್ಕೆ, ಹಾಗಾಗಿ ಹೊಣೆ ಅವಳದು. ಮದುವೆಯ ಪ್ರಶ್ನೆ ಇದನ್ನು ಇನ್ನಷ್ಟು ತೊಡಕಾಗಿಸುತ್ತದೆ. ಮದುವೆಯಾಗದೆ ಜೊತೆಗಿರುವ ಸಂಗಾತಿಯ ಆದಾಯವನ್ನು ಮೆಡಿಕೇಡ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಗಂಡನದನ್ನು ತೆಗೆದುಕೊಳ್ಳುತ್ತದೆ. ಮದುವೆಗೆ ದಂಡ ಹಾಕಿದಂತಾಯಿತೆಂದು ಸಂಪ್ರದಾಯವಾದಿಗಳು ಆಕ್ಷೇಪಿಸುತ್ತಾರೆ. ವಿಸ್ಕಾನ್ಸಿನ್‌ನಲ್ಲಿ, ಅವಿವಾಹಿತ ತಂದೆಯಿಂದ ಹೆರಿಗೆಯ ಖರ್ಚು ವಸೂಲು ಮಾಡುವ ಪದ್ಧತಿಯೇ ಬೆಳೆದುಬಂದಿತ್ತು.

ಮೆಚ್ಚುಗೆ ಮತ್ತು ಸಂಶಯ ಒಬ್ಬರಲ್ಲೇ ಒಟ್ಟಿಗೆ ಏಕಿರುತ್ತವೆ ಎಂಬುದಕ್ಕೆ ಈ ಪಂಥದ ಬಳಿ ಉತ್ತರವಿದೆ. ಬಿಳಿಯರೇ ಬಹುಸಂಖ್ಯಾತರಾಗಿರುವ ಬಡ ಹಳ್ಳಿಗಾಡಿನಲ್ಲೂ, ತಾವೇ ಮೆಡಿಕೇಡ್ ಬಳಸುವವರ ಬಾಯಲ್ಲೂ ಅದೇ ಟೀಕೆ ಏಕೆ ಬರುತ್ತದೆ ಎಂಬುದಕ್ಕೆ ಅಷ್ಟು ಸಲೀಸಾದ ಉತ್ತರವಿಲ್ಲ.

ಹೂಡಿಕೆಯ ವಾದ

ಎರಡನೆಯ ಪಂಥ ಅರ್ಥಶಾಸ್ತ್ರಜ್ಞರದು. ಜಾನೆಟ್ ಕರಿ ಮತ್ತು ಜೊನಾಥನ್ ಗ್ರೂಬರ್ 1996ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಆಧಾರಸ್ತಂಭ. ತೀರಾ ಬಡವರನ್ನು ಗುರಿಯಾಗಿಟ್ಟ ಆರಂಭದ ವಿಸ್ತರಣೆಗಳು ಶಿಶುಮರಣವನ್ನು ಸ್ಪಷ್ಟವಾಗಿ ತಗ್ಗಿಸಿದವು. ಮೇಲಿನ ಆದಾಯದವರಿಗೆ ಚಾಚಿದ ನಂತರದ ವಿಸ್ತರಣೆಗಳ ಫಲ ಕಡಿಮೆ, ಅರ್ಹರಲ್ಲಿ ಹೆಸರು ನೋಂದಾಯಿಸಿದವರೂ ಕಡಿಮೆ ಎಂದು ಅವರು ಕಂಡುಕೊಂಡರು. ಅದೇ ವರ್ಷ ಡೇವಿಡ್ ಕಟ್ಲರ್ ಜೊತೆ ಗ್ರೂಬರ್ ನಡೆಸಿದ ಇನ್ನೊಂದು ಅಧ್ಯಯನ ಟೀಕಾಕಾರರ ಕೈಗೂ ಅಸ್ತ್ರ ಕೊಟ್ಟಿತು. ಹೊಸದಾಗಿ ಸೇರಿದವರ ಸಂಖ್ಯೆಯ ಸುಮಾರು ಅರ್ಧದಷ್ಟು ಪ್ರಮಾಣದಲ್ಲಿ ಖಾಸಗಿ ವಿಮೆ ಕರಗಿದೆ ಎಂಬುದು ಅದರ ಅಂದಾಜು. ಬೇರೆ ವಿಧಾನ ಬಳಸಿದವರಿಗೆ ಈ ಪ್ರಮಾಣ ಇನ್ನೂ ಕಡಿಮೆ ಕಂಡಿತು.

ಸಾರ್ವಜನಿಕ ಧೋರಣೆಯ ಮೇಲೆ ಹೂಡಿಕೆಯ ಭಾಷೆ ಬೀರಿದ ಪರಿಣಾಮ ದೊಡ್ಡದು. ತೆರಿಗೆ ಕಟ್ಟುವವನಿಗೆ ಇದು ದಾನವಲ್ಲ, ಮುಂದೆ ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ ಸುರಿಯಬೇಕಾದ ಹಣದ ಉಳಿತಾಯ ಎಂದು ಮನದಟ್ಟು ಮಾಡಿಸಲು ಅದು ಸುಲಭ ದಾರಿಯಾಯಿತು. ದೌರ್ಬಲ್ಯವೂ ಅಲ್ಲೇ ಇದೆ. ಉಳಿತಾಯ ಕಾಣದ ಕಡೆ, ಉದಾಹರಣೆಗೆ ತಾಯಿಯ ಹಲ್ಲುನೋವಿಗೋ ಹೆರಿಗೆಯ ನಂತರದ ಖಿನ್ನತೆಗೋ, ಹಣ ಕೇಳಲು ಈ ವಾದ ಸಹಾಯಕ್ಕೆ ಬರುವುದಿಲ್ಲ.

ಕಳಂಕ ಮತ್ತು ಕಣ್ಗಾವಲು

ಮೂರನೆಯ ಪಂಥ ಪಡೆಯುವವರ ಕಡೆಯಿಂದ ನೋಡುತ್ತದೆ. ಜೆನಿಫರ್ ಸ್ಟೂಬರ್ ಮತ್ತು ಮಾರ್ಕ್ ಶ್ಲೆಸಿಂಜರ್ 2006ರಲ್ಲಿ ಕಳಂಕವನ್ನು ಎರಡಾಗಿ ಬಿಡಿಸಿದರು. ಒಂದು, ನೆರವು ಪಡೆದರೆ ತಾನು ಇಂಥವಳಾಗಿಬಿಡುತ್ತೇನೆ ಎಂಬ ಒಳಗಿನ ಕೀಳರಿಮೆ. ಇನ್ನೊಂದು, ಕಚೇರಿಯಲ್ಲಿ, ಕ್ಲಿನಿಕ್‌ನಲ್ಲಿ ತನ್ನನ್ನು ಕೀಳಾಗಿ ಕಾಣುತ್ತಾರೆ ಎಂಬ ಅನುಭವ ಅಥವಾ ನಿರೀಕ್ಷೆ.

ಎರಡನೆಯದರ ಹತ್ತಿರದ ಚಿತ್ರ ಸಿಗುವುದು ಕಾನೂನು ವಿದ್ವಾಂಸೆ, ಮಾನವಶಾಸ್ತ್ರಜ್ಞೆ ಖಿಯಾರಾ ಬ್ರಿಡ್ಜಸ್ 2011ರಲ್ಲಿ ಪ್ರಕಟಿಸಿದ ಕೃತಿಯಲ್ಲಿ. ನ್ಯೂಯಾರ್ಕ್‌ನ ಸಾರ್ವಜನಿಕ ಆಸ್ಪತ್ರೆಯೊಂದರ ಹೆರಿಗೆ ಕ್ಲಿನಿಕ್ಕಿನಲ್ಲಿ ಅವರು ನಡೆಸಿದ ಕ್ಷೇತ್ರಕಾರ್ಯ ಅದರ ಮೂಲ. ಮೆಡಿಕೇಡ್‌ನಡಿ ಬಂದ ಗರ್ಭಿಣಿ ವೈದ್ಯರ ಕೋಣೆ ಸೇರುವ ಮುನ್ನ ಮೇಜಿನಿಂದ ಮೇಜಿಗೆ ಹೋಗಬೇಕು: ಆರೋಗ್ಯ ಶಿಕ್ಷಕಿ, ಆಹಾರ ತಜ್ಞೆ, ಸಮಾಜ ಕಾರ್ಯಕರ್ತೆ, ಹಣಕಾಸಿನ ಅಧಿಕಾರಿ. ಏನು ತಿನ್ನುತ್ತೀಯ, ಮಗುವಿನ ತಂದೆ ಜೊತೆಗಿದ್ದಾನೆಯೇ, ಹೊಡೆಯುತ್ತಾನೆಯೇ, ದುಡ್ಡು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗಳು. ಖಾಸಗಿ ವಿಮೆಯಿರುವ ಹೆಂಗಸು ರಕ್ತದೊತ್ತಡ ನೋಡಿಸಿಕೊಂಡು ಹೊರಡುತ್ತಾಳೆ. ಇವಳು ತನ್ನ ಬದುಕನ್ನೇ ಹರವಿಟ್ಟು ಹೊರಡುತ್ತಾಳೆ. ಖಾಸಗಿತನ ಬಡ ತಾಯಂದಿರ ಪಾಲಿಗೆ ವಾಸ್ತವದಲ್ಲಿ ಇಲ್ಲವೇ ಇಲ್ಲ ಎಂದು ಬ್ರಿಡ್ಜಸ್ ಮುಂದಿನ ಬರಹಗಳಲ್ಲಿ ವಾದಿಸಿದ್ದಾರೆ. ಇದರ ಅತಿರೇಕದ ಉದಾಹರಣೆ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನದು. ಅಲ್ಲಿನ ಸಾರ್ವಜನಿಕ ಆಸ್ಪತ್ರೆ ಗರ್ಭಿಣಿಯರ ಮೂತ್ರದಲ್ಲಿ ಕೊಕೇನ್ ಹುಡುಕಿ ಫಲಿತಾಂಶವನ್ನು ಪೊಲೀಸರಿಗೆ ಕೊಡುತ್ತಿತ್ತು. ಒಪ್ಪಿಗೆಯಿಲ್ಲದ ಇಂಥ ಪರೀಕ್ಷೆ ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿತು.

ಈ ಪಂಥಕ್ಕೆ ಇರುವ ಪ್ರತಿವಾದವೂ ಗಟ್ಟಿಯೇ. ಅದೇ ಆಹಾರ ತಜ್ಞೆಯನ್ನೂ ಸಮಾಜ ಕಾರ್ಯಕರ್ತೆಯನ್ನೂ ಇನ್ನೊಬ್ಬ ಗರ್ಭಿಣಿ ಆಸರೆ ಎಂದೇ ಕಾಣಬಹುದು. ಕೌಟುಂಬಿಕ ಹಿಂಸೆಯ ಬಗ್ಗೆ ಕೇಳುವ ಪ್ರಶ್ನೆ ಕೆಲವರ ಜೀವ ಉಳಿಸುತ್ತದೆ. ಬಡವರಿಗೆ ಮಾತ್ರ ಕಡ್ಡಾಯ ಏಕೆ ಎಂಬ ಪ್ರಶ್ನೆಯಂತೂ ಉಳಿದೇ ಇದೆ.

ಕಾಗದದ ಹೊರೆ

ನಾಲ್ಕನೆಯ ಪಂಥ ಮನೋಭಾವಕ್ಕಿಂತ ಅರ್ಜಿ ನಮೂನೆಯ ಕಡೆ ಬೆರಳು ತೋರಿಸುತ್ತದೆ. ಪಮೇಲಾ ಹರ್ಡ್ ಮತ್ತು ಡೊನಾಲ್ಡ್ ಮೊಯ್ನಿಹಾನ್ 2018ರ ಕೃತಿಯಲ್ಲಿ ಸರ್ಕಾರಿ ಸೌಲಭ್ಯಕ್ಕೆ ಜನ ತೆರುವ ಬೆಲೆಯನ್ನು ಮೂರು ಬಗೆಯಾಗಿ ವಿಂಗಡಿಸಿದರು: ತಿಳಿದುಕೊಳ್ಳುವ ಶ್ರಮ, ದಾಖಲೆ ಒದಗಿಸುವ ಶ್ರಮ, ಮನಸ್ಸಿಗೆ ಆಗುವ ನೋವು.

ಲೆಕ್ಕವೇ ಸರಳವಲ್ಲ. ಗರ್ಭಿಣಿಯ ಕುಟುಂಬವನ್ನು ಎಣಿಸುವಾಗ ಹೊಟ್ಟೆಯೊಳಗಿನ ಮಗುವನ್ನೂ ಸೇರಿಸುತ್ತಾರೆ. ಒಂಟಿ ಗರ್ಭಿಣಿ ಎಂದರೆ ಇಬ್ಬರ ಕುಟುಂಬ. ಅವಳಿ ಇದ್ದರೆ ಮೂವರದು. 2025ರಲ್ಲಿ ಇಬ್ಬರ ಕುಟುಂಬದ ಬಡತನ ರೇಖೆ ವರ್ಷಕ್ಕೆ 21,150 ಡಾಲರ್. ಗಂಟೆಗೆ 15 ಡಾಲರ್‌ನಂತೆ ವಾರಕ್ಕೆ 40 ಗಂಟೆ ದುಡಿಯುವ ಟೆಕ್ಸಾಸಿನ ಒಬ್ಬ ಅಂಗಡಿ ನೌಕರಳನ್ನು ಊಹಿಸಿಕೊಂಡರೆ ಅವಳ ವರ್ಷದ ಗಳಿಕೆ 31,200. ಟೆಕ್ಸಾಸ್‌ನಲ್ಲಿ ಗರ್ಭಿಣಿಯರ ಮಿತಿ ಬಡತನ ರೇಖೆಯ ಸುಮಾರು ಎರಡು ಪಟ್ಟು, ಹಾಗಾಗಿ ಅವಳು ಅರ್ಹಳು. ಅವಳೇ ಬರಿಯ ತಾಯಿಯಾಗಿ ಅರ್ಜಿ ಹಾಕಿದರೆ ತಿಂಗಳ ಆದಾಯ ಕೆಲವೇ ನೂರು ಡಾಲರ್ ದಾಟಿದರೂ ಅನರ್ಹಳು. ತನಗೆಂದು ಕೇಳಿದಾಗ ಇಲ್ಲವೆನಿಸಿಕೊಂಡವಳು, ಬಸುರಾದಾಗ ಸಿಗುತ್ತದೆಂದು ತಿಳಿಯದೆ ಮೊದಲ ಮೂರು ತಿಂಗಳ ತಪಾಸಣೆ ತಪ್ಪಿಸಿಕೊಳ್ಳುವುದು ಇಂಥ ಗೊಂದಲದಿಂದ. ಅರ್ಜಿ ಇತ್ಯರ್ಥವಾಗುವ ಮುನ್ನವೇ ತಾತ್ಕಾಲಿಕವಾಗಿ ಆರೈಕೆ ಶುರುಮಾಡುವ ವ್ಯವಸ್ಥೆ ಹಲವು ರಾಜ್ಯಗಳಲ್ಲಿ ಇರುವುದು ಇದಕ್ಕೇ.

ಕಾರ್ಡ್ ಸಿಕ್ಕ ಮೇಲೂ ವೈದ್ಯರು ಸಿಗಬೇಕು. ಮೆಡಿಕೇಡ್ ಕೊಡುವ ಶುಲ್ಕ ಖಾಸಗಿ ವಿಮೆಗಿಂತ ಕಡಿಮೆ. ಅದನ್ನು ಒಪ್ಪದ ವೈದ್ಯರು ಇದ್ದಾರೆ. ಫೋನಿನಲ್ಲಿ ವಿಮೆಯ ಹೆಸರು ಹೇಳಿದ ಕೂಡಲೇ ಸಮಯ ಖಾಲಿಯಿಲ್ಲ ಎಂಬ ಉತ್ತರ ಕೇಳಿದವಳಿಗೆ ಕಳಂಕ ಯಾವುದು, ಬರಿಯ ಆಡಳಿತದ ತೊಡಕು ಯಾವುದು ಎಂದು ಬೇರ್ಪಡಿಸುವುದು ಕಷ್ಟ.

ಕಣ್ಣಿಗೆ ಬೀಳದ ಸರ್ಕಾರ

ಐದನೆಯ ಪಂಥ ಪ್ರಶ್ನೆಯನ್ನೇ ತಿರುಗಿಸುತ್ತದೆ: ಸರ್ಕಾರದ ನೆರವಿಲ್ಲದೆ ಹೆರುವವರು ಯಾರು? ಮಾಲೀಕರು ಕೊಡಿಸುವ ಆರೋಗ್ಯ ವಿಮೆಗೆ ಅಮೆರಿಕದಲ್ಲಿ ದೊಡ್ಡ ತೆರಿಗೆ ವಿನಾಯಿತಿ ಇದೆ. ಅದೂ ಬೊಕ್ಕಸದ ಹಣವೇ, ಆದರೆ ಯಾರೂ ಅದನ್ನು ನೆರವೆಂದು ಕರೆಯುವುದಿಲ್ಲ. ಸುಝೇನ್ ಮೆಟ್ಲರ್ 2011ರ ಕೃತಿಯಲ್ಲಿ ತೋರಿಸಿದಂತೆ, ಗೃಹಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಪಡೆದವರಲ್ಲಿ ಶೇ 60 ಮಂದಿ ತಾವು ಯಾವ ಸರ್ಕಾರಿ ಸಾಮಾಜಿಕ ಯೋಜನೆಯನ್ನೂ ಬಳಸಿಲ್ಲ ಎಂದರು. ಮೆಡಿಕೇಡ್ ಪಡೆದವರಲ್ಲೂ ಹಾಗೆ ಹೇಳಿದವರು ಶೇ 28ರ ಆಸುಪಾಸು ಇದ್ದರು.

ಹೆಸರುಗಳೂ ಇದಕ್ಕೆ ಕಾರಣ. ಕ್ಯಾಲಿಫೋರ್ನಿಯಾದಲ್ಲಿ ಮೆಡಿಕೇಡ್‌ನ ಹೆಸರು ಮೆಡಿ-ಕ್ಯಾಲ್, ಟೆನ್ನೆಸ್ಸಿಯಲ್ಲಿ ಟೆನ್‌ಕೇರ್, ವಿಸ್ಕಾನ್ಸಿನ್‌ನಲ್ಲಿ ಬ್ಯಾಜರ್‌ಕೇರ್. ಹಲವೆಡೆ ಕಾರ್ಡಿನ ಮೇಲೆ ಖಾಸಗಿ ವಿಮಾ ಕಂಪನಿಯ ಗುರುತೇ ಇರುತ್ತದೆ. ಮರೆಮಾಚಿದ ಹೆಸರು ಕಳಂಕವನ್ನು ತಗ್ಗಿಸುತ್ತದೆ. ಅನುದಾನ ಕಡಿತದ ಮಾತು ಬಂದಾಗ ಮಾತ್ರ, ತಮ್ಮದೇ ವಿಮೆ ಹೋಗುತ್ತಿದೆಯೆಂದು ಗೊತ್ತಾಗದ ಫಲಾನುಭವಿಗಳು ಸುಮ್ಮನಿದ್ದುಬಿಡುತ್ತಾರೆ.

ವಲಸಿಗರ ಅಂಜಿಕೆ

ವಲಸೆ ಕುಟುಂಬಗಳಲ್ಲಿ ಹಂಗಿನ ಪ್ರಶ್ನೆಗೆ ಭಯವೂ ಸೇರುತ್ತದೆ. 1996ರ ಕಾನೂನು ಗ್ರೀನ್ ಕಾರ್ಡ್ ಪಡೆದ ಅನೇಕರಿಗೂ ಐದು ವರ್ಷ ಮೆಡಿಕೇಡ್ ಕೊಡದಂತೆ ಮಾಡಿತು. 2009ರಲ್ಲಿ ಕಾನೂನುಬದ್ಧವಾಗಿ ನೆಲೆಸಿದ ಗರ್ಭಿಣಿಯರ ಮಟ್ಟಿಗೆ ಈ ತಡೆ ತೆಗೆಯುವ ಆಯ್ಕೆ ರಾಜ್ಯಗಳಿಗೆ ಸಿಕ್ಕಿತು. ಅರ್ಧಕ್ಕೂ ಹೆಚ್ಚು ರಾಜ್ಯಗಳು ಅದನ್ನು ಬಳಸಿಕೊಂಡಿವೆ. 2002ರ ನಿಯಮವೊಂದು ಇನ್ನೂ ಕುತೂಹಲಕರ. ಮಕ್ಕಳ ವಿಮಾ ಯೋಜನೆಯಲ್ಲಿ ‘ಮಗು’ ಎಂಬ ಪದಕ್ಕೆ ಗರ್ಭಧಾರಣೆಯಿಂದಲೇ ಅರ್ಥ ಕೊಟ್ಟದ್ದರಿಂದ, ದಾಖಲೆಗಳಿಲ್ಲದ ತಾಯಿಯ ತಪಾಸಣೆಯೂ ಭ್ರೂಣದ ಹೆಸರಲ್ಲಿ ಸಾಧ್ಯವಾಯಿತು.

ಈ ವಿಷಯ ಕನ್ನಡಿಗರಿಗೂ ದೂರದ್ದಲ್ಲ. ಓದಲು ಹೋಗಿ ವಿಶ್ವವಿದ್ಯಾಲಯದ ಸ್ಟೈಪೆಂಡಿನಲ್ಲಿ ಸಂಸಾರ ಹೂಡಿದ ದಂಪತಿಗೆ 2009ರ ಆಯ್ಕೆ ಬಳಸಿಕೊಂಡ ರಾಜ್ಯಗಳಲ್ಲಿ ಅರ್ಹತೆ ಸಿಗಬಹುದು. ಅಲ್ಲಿ ಎದುರಾಗುವುದು ‘ಪಬ್ಲಿಕ್ ಚಾರ್ಜ್’ ಎಂಬ ಹಳೆಯ ನಿಯಮದ ಅಂಜಿಕೆ. ಸರ್ಕಾರಕ್ಕೆ ಹೊರೆಯಾಗಬಹುದಾದವರಿಗೆ ಗ್ರೀನ್ ಕಾರ್ಡ್ ನಿರಾಕರಿಸಲು ಅದು ಅವಕಾಶ ಕೊಡುತ್ತದೆ. 1999ರ ಮಾರ್ಗಸೂಚಿಯಲ್ಲಿ ಸಾಮಾನ್ಯ ಮೆಡಿಕೇಡ್ ಬಳಕೆ ಲೆಕ್ಕಕ್ಕೆ ಬರುತ್ತಿರಲಿಲ್ಲ. 2020ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ನಿಯಮ ಅದನ್ನು ಸೇರಿಸಿತಾದರೂ ಗರ್ಭಿಣಿಯರನ್ನೂ ಹೆರಿಗೆಯಾದ 60 ದಿನದವರೆಗಿನ ಬಾಣಂತಿಯರನ್ನೂ ಹೊರಗಿಟ್ಟಿತ್ತು. ಹಾಗಿದ್ದೂ ವಿನಾಯಿತಿ ಇದ್ದವರೇ ಹೆದರಿ ಹಿಂದೆ ಸರಿದದ್ದನ್ನು ಸಂಶೋಧಕರು ಗುರುತಿಸಿದ್ದಾರೆ. ಆ ನಿಯಮ 2021ರಲ್ಲಿ ರದ್ದಾಯಿತು, 2022ರಲ್ಲಿ ಸೌಮ್ಯವಾದ ಹೊಸ ನಿಯಮ ಬಂತು, ಅದನ್ನೂ ತೆಗೆಯುವ ಪ್ರಸ್ತಾವ 2025ರಲ್ಲಿ ಹೊರಟಿತು. ನಿಯಮ ಬದಲಾದಷ್ಟು ಬೇಗ ಅಂಜಿಕೆ ಬದಲಾಗುವುದಿಲ್ಲ.

ಬಾಣಂತಿಯ ಒಂದು ವರ್ಷ

ಇತ್ತೀಚಿನ ದೊಡ್ಡ ಬದಲಾವಣೆ 60 ದಿನಗಳ ಗಡುವಿಗೆ ಸಂಬಂಧಿಸಿದ್ದು. ಗರ್ಭಕ್ಕೆ ಸಂಬಂಧಿಸಿದ ಸಾವುಗಳಲ್ಲಿ 10ರಲ್ಲಿ ಸುಮಾರು 3 ಹೆರಿಗೆಯಾಗಿ ಆರು ವಾರ ಕಳೆದ ಮೇಲೆ ಆಗುತ್ತವೆ, ಒಟ್ಟು ಸಾವುಗಳಲ್ಲಿ ಶೇ 80ಕ್ಕೂ ಹೆಚ್ಚು ತಪ್ಪಿಸಬಹುದಾದವು ಎಂದು ತಾಯಿಮರಣ ಪರಿಶೀಲನಾ ಸಮಿತಿಗಳ ದಾಖಲೆಗಳು ತೋರಿಸಿದವು. 2021ರ ಕಾನೂನು ಬಾಣಂತಿಯ ವಿಮೆಯನ್ನು 12 ತಿಂಗಳಿಗೆ ಚಾಚುವ ಆಯ್ಕೆ ಕೊಟ್ಟಿತು, ಮುಂದೆ ಅದು ಕಾಯಂ ಆಯಿತು. ಬಹುಪಾಲು ರಾಜ್ಯಗಳು ಒಪ್ಪಿವೆ. ಇತರ ಬಡ ವಯಸ್ಕರಿಗೆ ಮೆಡಿಕೇಡ್ ವಿಸ್ತರಿಸಲು ಒಪ್ಪದ ಟೆಕ್ಸಾಸ್, ಮಿಸ್ಸಿಸ್ಸಿಪ್ಪಿಗಳೂ ಅವುಗಳಲ್ಲಿವೆ. 2022ರಲ್ಲಿ ಗರ್ಭಪಾತದ ಸಾಂವಿಧಾನಿಕ ಹಕ್ಕು ಹೋದ ಮೇಲೆ, ಹೆರಲೇಬೇಕೆಂದ ಸರ್ಕಾರ ಹೆತ್ತವಳನ್ನು ನೋಡಿಕೊಳ್ಳಬೇಡವೇ ಎಂಬ ಮಾತು ಸಂಪ್ರದಾಯವಾದಿಗಳ ನಡುವೆಯೂ ಎದ್ದಿತು. ಮೆಡಿಕೇಡ್‌ಗೆ ತಿಂಗಳಿಗೆ 80 ಗಂಟೆಗಳ ಕೆಲಸದ ಷರತ್ತು ಹಾಕಿದ 2025ರ ಕಾನೂನು ಕೂಡ ಗರ್ಭಿಣಿ, ಬಾಣಂತಿಯರನ್ನು ಅದರಿಂದ ಬಿಟ್ಟಿದೆ.

ಇತ್ಯರ್ಥವಾಗದ ಪ್ರಶ್ನೆಗಳು

ಮೊದಲನೆಯದು ಅಳತೆಯದು. ಅರ್ಹಳಾದ ಗರ್ಭಿಣಿ ತಡವಾಗಿ ಬಂದರೆ ಅದಕ್ಕೆ ನಾಚಿಕೆ ಎಷ್ಟು ಕಾರಣ, ಮಾಹಿತಿಯ ಕೊರತೆ ಎಷ್ಟು, ವೈದ್ಯರು ಸಿಗದಿರುವುದು ಎಷ್ಟು ಎಂದು ಬಿಡಿಸಿ ಹೇಳುವ ಒಪ್ಪಿತ ವಿಧಾನವಿಲ್ಲ. ಪರಿಹಾರ ಯಾವುದೆಂಬುದು ಇದರ ಮೇಲೆ ನಿಂತಿದೆ. ಕಳಂಕವೇ ಮುಖ್ಯವಾದರೆ ಹೆಸರು, ಮಾತು, ನಡವಳಿಕೆ ಬದಲಾಗಬೇಕು. ಕಾಗದದ ಹೊರೆ ಮುಖ್ಯವಾದರೆ ಅರ್ಜಿ ಸರಳವಾಗಬೇಕು. ಶುಲ್ಕ ಮುಖ್ಯವಾದರೆ ದರ ಏರಬೇಕು.

ಎರಡನೆಯದು, ಬಳಕೆ ಹೆಚ್ಚಿದಂತೆ ಕಳಂಕ ತಾನಾಗಿ ಕರಗುತ್ತದೆಯೇ ಎಂಬುದು. ಅರ್ಧಕ್ಕೂ ಹೆಚ್ಚು ಹೆರಿಗೆಗಳು ಮೆಡಿಕೇಡ್‌ನಲ್ಲಿ ಆಗುವ ರಾಜ್ಯಗಳಲ್ಲೂ ರಾಜಕೀಯ ವಿರೋಧ ಬಲವಾಗಿರುವುದು ಸಂಖ್ಯೆಯೊಂದೇ ಸಾಲದು ಎಂಬುದನ್ನು ಸೂಚಿಸುತ್ತದೆ. ಯುದ್ಧಕಾಲದ ಯೋಜನೆಯಂತೆ ಆದಾಯ ಕೇಳದೆ ಎಲ್ಲ ಗರ್ಭಿಣಿಯರಿಗೂ ಕೊಟ್ಟರೆ ಏನಾದೀತು ಎಂಬುದನ್ನು ಆ ದೇಶ 1949ರ ನಂತರ ರಾಷ್ಟ್ರಮಟ್ಟದಲ್ಲಿ ಪರೀಕ್ಷಿಸಿ ನೋಡಿಲ್ಲ.

ಮೂರನೆಯದು, ಈ ವಿಮೆಯ ನಿಜವಾದ ಫಲಾನುಭವಿ ಯಾರೆಂಬ ಪ್ರಶ್ನೆ. ಮಗುವಿಗಾಗಿ ಎಂದರೆ ಬೆಂಬಲ ಸಿಗುತ್ತದೆ, ತಾಯಿ ಕೆಲವು ತಿಂಗಳ ಅತಿಥಿಯಾಗಿ ಉಳಿಯುತ್ತಾಳೆ. ತಾಯಿಗಾಗಿ ಎಂದರೆ ಬಸುರಿಗೆ ಮುಂಚಿನ ವರ್ಷಗಳಲ್ಲಿ ಅವಳ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನೂ ನೋಡಬೇಕಾಗುತ್ತದೆ, ಬೆಂಬಲ ತೆಳುವಾಗುತ್ತದೆ. 60 ದಿನ 12 ತಿಂಗಳಾದದ್ದು ಈ ಎರಡರ ನಡುವಿನ ಗೆರೆಯನ್ನು ಒಂದಿಷ್ಟು ದೂರ ಸರಿಸಿದೆ. ಇತರ ಬಡ ವಯಸ್ಕರಿಗೆ ಮೆಡಿಕೇಡ್ ವಿಸ್ತರಿಸಲು ಒಪ್ಪದ ರಾಜ್ಯಗಳಲ್ಲಿ ಹದಿಮೂರನೆಯ ತಿಂಗಳಿಗೆ ಆ ಅಂಗಡಿ ನೌಕರಳಂಥವರು ಮತ್ತೆ ಅನರ್ಹರ ಪಟ್ಟಿಗೇ ಸೇರುತ್ತಾರೆ.